ದಾರಿ ಬದಲಿಸಿದರೆ ಹೊಣೆ ತೀರುವುದೇ?

ತಾನು ಕಲಿತ ವಿದ್ಯೆಯಿಂದ ಲೋಕಕ್ಕೆ ಹಾನಿಯಾಯಿತೆಂದು ತಿಳಿದಾಗ ಮನುಷ್ಯನು ಏನು ಮಾಡಬೇಕು? ಅದನ್ನು ಬಿಟ್ಟು ಇನ್ನೊಂದು ವಿದ್ಯೆಯನ್ನು ಹಿಡಿದರೆ ಸಾಕೇ? ಹಾಗೆ ಮಾಡಿದವನು ತನ್ನನ್ನು ತಿದ್ದಿಕೊಂಡನೇ, ಅಥವಾ ತಪ್ಪಿಸಿಕೊಂಡನೇ? ಲಿಯೋ ಸಿಲಾರ್ಡ್ ಎಂಬ ವಿಜ್ಞಾನಿಯ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಸಿಲಾರ್ಡ್ 1898ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಒಂದು ಯಹೂದಿ ಮನೆತನದಲ್ಲಿ ಜನಿಸಿದರು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಬರ್ಲಿನ್ ತೊರೆದು ಲಂಡನ್ ಸೇರಿದರು. ಭೌತಶಾಸ್ತ್ರವನ್ನು ಬಿಟ್ಟು ಜೀವಶಾಸ್ತ್ರಕ್ಕೆ ಹೋಗುವ ವಿಚಾರ ಆಗಲೇ ಅವರಲ್ಲಿತ್ತು. ಆದರೆ ಅದೇ ವರ್ಷ ಅವರಿಗೆ ಒಂದು ಆಲೋಚನೆ ಹೊಳೆಯಿತು. ಒಂದು ನ್ಯೂಟ್ರಾನ್ ತಗುಲಿದ ಪರಮಾಣುವಿನಿಂದ ಎರಡು ನ್ಯೂಟ್ರಾನುಗಳು ಹೊರಬಿದ್ದರೆ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಅಪಾರ ಶಕ್ತಿ ಬಿಡುಗಡೆಯಾಗಬಹುದಲ್ಲವೇ? ಪರಮಾಣು ಬಾಂಬಿನ ಬೀಜ ಈ ಸರಪಣಿ ಕ್ರಿಯೆಯಲ್ಲಿತ್ತು. ಜೀವಶಾಸ್ತ್ರದ ಆಸೆ ಹಿಂದೆ ಉಳಿಯಿತು.

ನಾಝಿಗಳ ಕೈಗೆ ಈ ಬಾಂಬು ಮೊದಲು ಸಿಕ್ಕೀತೆಂಬ ಭಯದಿಂದ 1939ರಲ್ಲಿ ಅವರು ಐನ್‌ಸ್ಟೈನ್‌ರಿಂದ ಸಹಿ ಮಾಡಿಸಿ ಅಮೇರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೆ ಪತ್ರ ತಲುಪಿಸಿದರು. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಫರ್ಮಿಯವರೊಂದಿಗೆ ಸರಪಣಿ ಕ್ರಿಯೆ ಸಾಧ್ಯವೆಂದು ತೋರಿಸಿದವರಲ್ಲಿ ಅವರೂ ಒಬ್ಬರು. ಆದರೆ 1945ರಲ್ಲಿ ಜರ್ಮನಿ ಸೋತಿತು. ಭಯದ ಕಾರಣ ಇಲ್ಲವಾಯಿತು, ಬಾಂಬು ಮಾತ್ರ ಉಳಿಯಿತು. ಶರಣಾಗತಿಯ ಷರತ್ತುಗಳನ್ನು ಬಹಿರಂಗವಾಗಿ ತಿಳಿಸದೆ ಜಪಾನಿನ ಮೇಲೆ ಅದನ್ನು ಹಾಕಬಾರದೆಂದು ಸಿಲಾರ್ಡ್ ಜುಲೈಯಲ್ಲಿ ಮನವಿ ಬರೆದರು. ಅವರೂ ಸೇರಿ 70 ಮಂದಿ ಸಹಿ ಹಾಕಿದರು. ಅದು ಅಧ್ಯಕ್ಷರನ್ನು ಮುಟ್ಟುವ ಮೊದಲೇ ಹಿರೋಶಿಮಾ ಉರಿಯಿತು.

ಯುದ್ಧ ಮುಗಿದ ಮೇಲೆ ಅವರು ಜೀವಶಾಸ್ತ್ರಕ್ಕೆ ಬಂದರು. 1947ರಲ್ಲಿ, 49ರ ಪ್ರಾಯದಲ್ಲಿ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸುಗಳ ಪಾಠ ಕೇಳಲು ವಿದ್ಯಾರ್ಥಿಯಾಗಿ ಕುಳಿತರು. ಒಂದು ಶಾಸ್ತ್ರದಲ್ಲಿ ಪಂಡಿತನೆನಿಸಿದವನು ಇನ್ನೊಂದರ ಅಆಇಈ ಕಲಿಯುವುದು ಸಣ್ಣ ವಿಷಯವಲ್ಲ. ಬ್ಯಾಕ್ಟೀರಿಯಾಗಳನ್ನು ಒಂದೇ ವೇಗದಲ್ಲಿ ಬೆಳೆಸುವ ಉಪಕರಣವೊಂದನ್ನು ಅವರು ಆರನ್ ನೋವಿಕ್‌ರ ಜೊತೆ 1950ರಲ್ಲಿ ರೂಪಿಸಿದರು. ನಮ್ಮ ದೇಹವು ರೋಗಾಣುವನ್ನು ಗುರುತಿಸಿ ಪ್ರತಿಕಾಯಗಳನ್ನು ಹೇಗೆ ತಯಾರಿಸುತ್ತದೆಂಬುದರ ಬಗ್ಗೆ 1960ರಲ್ಲಿ ಪ್ರಬಂಧ ಬರೆದರು. ಅವರ ವಿವರಣೆ ನಿಲ್ಲಲಿಲ್ಲ. ಬರ್ನೆಟ್ ಎಂಬ ವಿಜ್ಞಾನಿ 1957ರಲ್ಲಿ ಕೊಟ್ಟ ಬೇರೆ ವಿವರಣೆ ನಿಂತಿತು. ಹೊಸ ದಾರಿಯಲ್ಲಿ ಎಡವುವ ಸಾಧ್ಯತೆಯನ್ನು ಒಪ್ಪಿಯೇ ಅವರು ಹೆಜ್ಜೆಯಿಟ್ಟಿದ್ದರು.

ಅದೇ ಸುಮಾರಿಗೆ ಅವರಿಗೆ ಮೂತ್ರಕೋಶದ ಕ್ಯಾನ್ಸರ್ ತಗುಲಿತು. ಕೊಬಾಲ್ಟ್ ವಿಕಿರಣದ ಚಿಕಿತ್ಸೆಯ ಕ್ರಮವನ್ನು ವೈದ್ಯರೊಂದಿಗೆ ಕುಳಿತು ತಾವೇ ರೂಪಿಸಿಕೊಂಡರು. 1962ರಲ್ಲಿ ಇನ್ನೊಮ್ಮೆ ಚಿಕಿತ್ಸೆ ಪಡೆದರು. ಕ್ಯಾನ್ಸರ್ ಮರಳಲಿಲ್ಲ. 1964ರಲ್ಲಿ ಅವರು ತೀರಿಕೊಂಡದ್ದು ಹೃದಯಾಘಾತದಿಂದ.

ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಯಾವ ಪರಮಾಣು ವಿದ್ಯೆ ನಗರಗಳನ್ನು ಸುಟ್ಟಿತೋ ಅದೇ ವಿದ್ಯೆ ಅವರ ಪ್ರಾಣ ಉಳಿಸಿತು. ಹಾಗಿದ್ದರೆ ಕೆಡುಕು ಭೌತಶಾಸ್ತ್ರದಲ್ಲಿರಲಿಲ್ಲ, ಒಳಿತು ಜೀವಶಾಸ್ತ್ರದ ಸೊತ್ತೂ ಅಲ್ಲ. ರೋಗಾಣುವನ್ನು ಅರಿತವನು ಮದ್ದನ್ನೂ ಮಾಡಬಲ್ಲ, ಅದನ್ನು ಆಯುಧವನ್ನಾಗಿಯೂ ಮಾಡಬಲ್ಲ. ಆದ್ದರಿಂದ ಪ್ರಯೋಗಾಲಯ ಬದಲಿಸಿದ ಮಾತ್ರಕ್ಕೆ ಯಾರ ಕೈಯೂ ಶುದ್ಧವಾಗುವುದಿಲ್ಲ. ಹಿರೋಶಿಮಾದ ಮಕ್ಕಳ ಲೆಕ್ಕವನ್ನು ಜೀವಶಾಸ್ತ್ರದ ಯಾವ ಪ್ರಬಂಧವೂ ಸರಿದೂಗಿಸದು.

ಸಿಲಾರ್ಡರ ಹಿರಿಮೆ ಬೇರೆಡೆ ಇದೆ. ಅವರು ಶಾಸ್ತ್ರವನ್ನು ಬಿಟ್ಟರು, ಉತ್ತರದಾಯಿತ್ವವನ್ನು ಬಿಡಲಿಲ್ಲ. ಪರಮಾಣು ಶಕ್ತಿ ಸೇನೆಯ ಕೈಗೆ ಹೋಗಬಾರದೆಂದು ಹೋರಾಡಿದರು. ಚಿಕಿತ್ಸೆಯ ವರ್ಷವಾದ 1960ರಲ್ಲೇ ನ್ಯೂಯಾರ್ಕಿನಲ್ಲಿ ರಷ್ಯದ ನಾಯಕ ಕ್ರುಶ್ಚೇವರನ್ನು ಕಂಡು ಯುದ್ಧ ತಪ್ಪಿಸುವ ಬಗ್ಗೆ ಮಾತಾಡಿದರು. 1962ರಲ್ಲಿ ಪರಮಾಣು ಯುದ್ಧದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ‘ಅದು ನನ್ನ ಹಳೆಯ ವಿಷಯ, ಈಗ ನಾನು ಬೇರೆ ಕೆಲಸದಲ್ಲಿದ್ದೇನೆ’ ಎಂದು ಅವರು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಅದು ಪಲಾಯನವಾಗುತ್ತಿತ್ತು.

ದೇಹದ ರಕ್ಷಣಾಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆಗೆ ದಾರಿ ಮಾಡಿದವರಿಗೆ 2018ರಲ್ಲಿ ನೊಬೆಲ್ ದೊರೆಯಿತು. ಭೌತಶಾಸ್ತ್ರ ಕಲಿತವರು ಇಂದು ಈ ಸಂಶೋಧನೆಗೆ ಬರುತ್ತಿದ್ದಾರೆ. ಅದು ಸಂತೋಷದ ವಿಷಯ. ನಮ್ಮ ಮಕ್ಕಳೂ ಯಾವ ಶಾಸ್ತ್ರವನ್ನಾದರೂ ಕಲಿಯಲಿ, ಬೇಕೆನಿಸಿದರೆ ಬದಲಿಸಲಿ. ಆದರೆ ‘ಏನು ಕಲಿಯುತ್ತೀ?’ ಎಂದು ಕೇಳುವ ನಾವು, ‘ಅದರ ಫಲಕ್ಕೆ ನೀನು ಉತ್ತರ ಕೊಡುವೆಯಾ?’ ಎಂದೂ ಕೇಳಬೇಡವೇ?