ನೋಟದ ಋಣ

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬ ನಾಣ್ಣುಡಿಯನ್ನು ಕೇಳದ ಕನ್ನಡಿಗನಿಲ್ಲ. ಜ್ಞಾನಕ್ಕೆ ಎರಡು ಬೇರೆ ಬೇರೆ ಮಾರ್ಗಗಳುಂಟೆಂದೂ, ಕಾಲಿನಲ್ಲಿ ಬಲವುಳ್ಳವನು ಸುತ್ತಲೆಂದೂ, ಮನೆಯಲ್ಲಿ ಕುಳಿತವನು ಓದಲೆಂದೂ ಇದಕ್ಕೆ ಸಾಮಾನ್ಯವಾಗಿ ಅರ್ಥಮಾಡುವರು. ಆದರೆ ಈ ಎರಡು ವಿಧಿಗಳೂ ಒಬ್ಬನಿಗೇ ಹೇಳಿದ್ದಾಗಿರಬಾರದೇಕೆ? ಕಣ್ಣು ಕಂಡುದನ್ನು ಕೋಶವು ಬೇರೊಂದು ವಿಧವಾಗಿ ಹೇಳಿದರೆ ನೋಡಿದವನ ಕರ್ತವ್ಯವೇನು? ಈ ಪ್ರಶ್ನೆಯು ಎಲ್ಲ ದೇಶಗಳ ಯಾತ್ರಿಕರಿಗೂ ಸಲ್ಲತಕ್ಕುದಾದರೂ, ಅಮೇರಿಕದ ಸಂಯುಕ್ತ ಸಂಸ್ಥಾನಗಳ ಪ್ರೇಕ್ಷಣೀಯ ಸ್ಥಳಗಳಲ್ಲಿ ಅದು ಬಹು ತೀಕ್ಷ್ಣವಾಗಿ ಎದುರು ನಿಲ್ಲುತ್ತದೆ. ಆ ದೇಶದಲ್ಲಿ ನೆಲಸಿರುವ ಕನ್ನಡಿಗರೂ ಅವರನ್ನು ನೋಡಲು ಹೋಗುವ ತಂದೆತಾಯಿಗಳೂ ಇಂದು ಆ ಸ್ಥಳಗಳ ಯಾತ್ರಿಕರಾಗಿರುವುದರಿಂದ, ಈ ವಿಚಾರವು ಕನ್ನಡ ವಾಚಕರಿಗೆ ಪರಕೀಯವಲ್ಲ.

ಕ್ಯಾಲಿಫೋರ್ನಿಯಾ ಸಂಸ್ಥಾನದ ಯೊಸೆಮಿಟಿ ಕಣಿವೆಯನ್ನು ಮೊದಲು ನೋಡಬಹುದು. ಎಲ್ ಕ್ಯಾಪಿಟನ್ ಎಂಬ ಒಂದೇ ಬಂಡೆಯು ಕಣಿವೆಯ ನೆಲದಿಂದ ಸುಮಾರು 3,000 ಅಡಿಗಳೆತ್ತರಕ್ಕೆ ನೆಟ್ಟಗೆ ನಿಂತಿದೆ. ಅಲ್ಲಿಯ ಜಲಪಾತವು ಮೂರು ಹಂತಗಳಲ್ಲಿ 2,400 ಅಡಿಗಳಿಗಿಂತಲೂ ಆಳಕ್ಕೆ ಧುಮುಕುತ್ತದೆ. 1864ರಲ್ಲಿ, ಅಂತರ್ಯುದ್ಧದ ರಕ್ತಪಾತವು ಇನ್ನೂ ನಿಲ್ಲದಿದ್ದಾಗಲೇ, ಅಧ್ಯಕ್ಷ ಲಿಂಕನ್ನನು ಈ ಕಣಿವೆಯನ್ನೂ ಸಮೀಪದ ಮಹಾವೃಕ್ಷಗಳ ವನವನ್ನೂ ಸಾರ್ವಜನಿಕರ ವಿಹಾರಕ್ಕಾಗಿ ಶಾಶ್ವತವಾಗಿ ಕಾದಿರಿಸುವ ಶಾಸನಕ್ಕೆ ಅಂಕಿತ ಹಾಕಿದನು. ಧನಿಕರ ಸೊತ್ತಾಗಬಹುದಾಗಿದ್ದ ಸೌಂದರ್ಯವು ಸರ್ವರ ಸೊತ್ತಾಯಿತು. ಇದು ಸತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಕೋಶವು ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಆ ಶಾಸನಕ್ಕೆ ಹದಿಮೂರು ವರ್ಷಗಳ ಹಿಂದೆ, 1851ರಲ್ಲಿ, ಮಾರಿಪೋಸಾ ದಂಡೆಂಬ ಶಸ್ತ್ರಧಾರಿಗಳ ಗುಂಪು ಕಣಿವೆಯನ್ನು ಹೊಕ್ಕು, ಅಲ್ಲಿ ವಾಸವಾಗಿದ್ದ ಅವಾನೀಚೀ ಜನರನ್ನು ಹೊರಗಟ್ಟಿತು. ಅವರ ಹಿರಿಯನ ಹೆಸರು ತೆನಾಯಾ. ದಂಡಿನೊಡನಿದ್ದ ಬನ್ನೆಲ್ಲನು ತಾನೇ ಬರೆದಿಟ್ಟಿರುವ ವೃತ್ತಾಂತದಂತೆ, ಮಲೆಯ ಮೇಲಣ ಒಂದು ಸರೋವರಕ್ಕೆ ತೆನಾಯಾನ ಹೆಸರನ್ನಿಟ್ಟಿರುವೆವೆಂದು ಅವನಿಗೆ ತಿಳಿಸಿದಾಗ, ಆ ಮುದುಕನು ಹರ್ಷಿಸಲಿಲ್ಲ; ಅದಕ್ಕೆ ಮೊದಲೇ ಹೆಸರಿದೆಯೆಂದೂ, ತನ್ನ ಜನರು ಅದನ್ನು ಪೈವೀಯಾಕ್ ಎಂದು ಕರೆಯುವರೆಂದೂ ಉತ್ತರವಿತ್ತನು. ಮನೆಯಿಂದ ಹೊರಹಾಕಿಸಿಕೊಂಡವನಿಗೆ ಮನೆಯ ಬಾಗಿಲಲ್ಲಿ ಅವನ ಹೆಸರಿನ ಹಲಗೆಯನ್ನು ತೂಗಿಸುವೆವೆಂದರೆ ಸಂತೋಷವೆಲ್ಲಿಂದ ಬರಬೇಕು? ಸರೋವರವು ಇಂದಿಗೂ ತೆನಾಯಾನ ಹೆಸರಿನಲ್ಲಿಯೇ ಇದೆ. ಪ್ರತಿ ಬೇಸಗೆಯಲ್ಲಿಯೂ ಅದರ ದಡದಲ್ಲಿ ಮಕ್ಕಳು ಆಡುತ್ತವೆ.

ಹೀಗಿರಲು ಯಾತ್ರಿಕನೇನು ಮಾಡಬೇಕು? ಅನ್ಯಾಯದಿಂದ ದೊರೆತ ಸ್ಥಳಕ್ಕೆ ಕಾಲಿಡಕೂಡದೆಂದು ಕೆಲವರು ಹೇಳುವರು. ಈ ನಿಯಮವನ್ನು ಕಟ್ಟುನಿಟ್ಟಾಗಿ ಅನುಸರಿಸಿದರೆ ಭೂಮಂಡಲದಲ್ಲಿ ಕಾಲಿಡಲು ಎಡೆಯೇ ಸಿಕ್ಕದು. ಮೇಲಾಗಿ, ನೋಡುವವರೇ ಇಲ್ಲದ ಸ್ಥಳದ ಕಥೆಯನ್ನು ಕೇಳುವವರೂ ಇರುವುದಿಲ್ಲ. ಬಂಡೆಗೂ ನೀರಿಗೂ ಪಾಪವಂಟದು, ಕಳೆದುದನ್ನು ಕೆದಕದೆ ನೋಡಿ ಆನಂದಿಸಿ ಬರಬೇಕೆಂದು ಇತರರು ಹೇಳುವರು. ಈ ಮಾತಿನಲ್ಲಿಯೂ ಸ್ವಲ್ಪ ನ್ಯಾಯವಿದೆ. ವರ್ಷವಿಡೀ ದುಡಿದು, ಹತ್ತು ದಿನಗಳ ರಜವನ್ನು ಕಷ್ಟದಿಂದ ಪಡೆದು, ಹೆಂಡತಿಮಕ್ಕಳೊಡನೆ ಹೊರಟ ಗೃಹಸ್ಥನ ತಲೆಯ ಮೇಲೆ, ಅವನು ಹುಟ್ಟುವ ಮೊದಲೇ ನಡೆದುಹೋದ ಅಪರಾಧವನ್ನು ಹೊರಿಸುವುದು ಯಾವ ಧರ್ಮ?

ಈ ತೊಡಕನ್ನು ಬಿಡಿಸಲು ಪಾಪಕ್ಕೂ ಋಣಕ್ಕೂ ಇರುವ ಭೇದವನ್ನು ಗಮನಿಸಬೇಕು. ಪಾಪವು ಮಾಡಿದವನನ್ನು ಹಿಡಿಯುತ್ತದೆ. ಋಣವು ಪಡೆದವನನ್ನು ಹಿಡಿಯುತ್ತದೆ. ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತು ಬರುವನೆಂದು ಭಾರತದ ಪೂರ್ವಿಕರು ಹೇಳಿದರು. ತೊಟ್ಟಿಲ ಕೂಸು ಯಾವ ತಪ್ಪನ್ನು ಮಾಡಿತು? ಏನನ್ನೂ ಮಾಡಲಿಲ್ಲ, ಆದರೂ ಅದು ಪಡೆದಿದೆ, ಆದುದರಿಂದ ಸಲ್ಲಿಸಬೇಕಾಗಿದೆ. ಋಷಿಋಣವನ್ನು ತೀರಿಸತಕ್ಕುದು ಅಧ್ಯಯನದಿಂದಲೆಂಬ ಮಾತು ಇಲ್ಲಿ ವಿಶೇಷವಾಗಿ ಸ್ಮರಣೀಯವಾದುದು. ನಿರಪರಾಧಿಯಾದ ಯಾತ್ರಿಕನೂ ಕಣ್ತುಂಬ ನೋಡಿದ ಮೇಲೆ ಋಣಿಯೇ. ಅವನು ಅಳಬೇಕಾಗಿಲ್ಲ, ಅರಿಯಬೇಕು.

ಈ ಅರಿವಿನಿಂದ ಆನಂದಕ್ಕೆ ಹಾನಿಯೆಂದು ಶಂಕಿಸುವವರು ವರ್ಜೀನಿಯಾ ಸಂಸ್ಥಾನದ ಮಾಂಟಿಚೆಲ್ಲೋ ಭವನವನ್ನು ನೋಡಬೇಕು. ಮನುಷ್ಯರೆಲ್ಲರೂ ಸಮಾನರೆಂದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಜೆಫರ್ಸನ್ನನು ಬೆಟ್ಟದ ನೆತ್ತಿಯ ಮೇಲೆ ತಾನೇ ನಕ್ಷೆಯನ್ನು ರಚಿಸಿ ಕಟ್ಟಿಸಿದ ಮನೆಯದು. ಆ ಮಹಾಶಯನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿ ಗುಲಾಮರಿಗೆ ಒಡೆಯನಾಗಿದ್ದನು. 1826ರಲ್ಲಿ ಅವನು ಸಾಲದಲ್ಲಿ ಮುಳುಗಿ ತೀರಿಕೊಂಡನು. ಮರುವರ್ಷದ ಜನವರಿಯಲ್ಲಿ, ಸಾಲಕೊಟ್ಟವರಿಗೆ ಸಲ್ಲಿಸುವುದಕ್ಕಾಗಿ, ಮನೆಯ ಸಾಮಾನುಗಳೊಡನೆ ಮನುಷ್ಯರೂ ಅಲ್ಲಿ ಹರಾಜಾದರು. ಬಹುಕಾಲ ಅಲ್ಲಿಗೆ ಬಂದವರು ಗುಮ್ಮಟವನ್ನೂ ತೋಟವನ್ನೂ ನೋಡಿ ಹಿಂದಿರುಗುತ್ತಿದ್ದರು. ಇಂದು ಆ ಭವನವನ್ನು ಕಾಪಾಡುತ್ತಿರುವ ಸಂಸ್ಥೆಯು ಗುಲಾಮರು ದುಡಿದ ಓಣಿಯನ್ನೂ ವಾಸಿಸಿದ ಕೋಣೆಗಳನ್ನೂ ತೋರಿಸಿ ಅವರ ಹೆಸರುಗಳನ್ನು ಹೇಳಿಸುತ್ತದೆ. ಇದರಿಂದ ಮನೆಯ ಚೆಲುವು ಕುಂದಲಿಲ್ಲ. ಅದರ ಇಟ್ಟಿಗೆಗಳಿಗೆ ಕೈಗಳು ಬಂದವು. ಘೋಷಣೆಯ ವಾಕ್ಯವೂ ಸುಳ್ಳಾಗಲಿಲ್ಲ. ಬರೆದವನಿಗಿಂತ ಬರೆದ ಮಾತು ದೊಡ್ಡದೆಂಬುದು ಅಲ್ಲಿ ಮನವರಿಕೆಯಾಗುತ್ತದೆ.

ಹಾಗೆಂದು ಅರಿತ ಮಾತ್ರಕ್ಕೆ ಎಲ್ಲ ಲೆಕ್ಕವೂ ಚುಕ್ತವಾಯಿತೆಂದು ಯಾತ್ರಿಕನು ಹಿಗ್ಗಕೂಡದು. ದಕ್ಷಿಣ ಡಕೋಟದ ಕರಿಯ ಗುಡ್ಡಗಳ ನಾಡನ್ನು 1868ರ ಒಪ್ಪಂದದಲ್ಲಿ ಸರಕಾರವು ಸೂ ಜನಾಂಗದವರಿಗೆ ಬಿಟ್ಟುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನವು ಕಂಡಿತು. 1877ರಲ್ಲಿ ಒಪ್ಪಂದವು ಮುರಿಯಿತು. ಲಕೋಟ ಜನರು ಆರು ಅಜ್ಜಂದಿರೆಂದು ಕರೆಯುತ್ತಿದ್ದ ಬೆಟ್ಟದಲ್ಲಿ, 1927ರಿಂದ 1941ರವರೆಗೆ, ನಾಲ್ವರು ಅಧ್ಯಕ್ಷರ ಅರುವತ್ತು ಅಡಿಗಳೆತ್ತರದ ಮುಖಗಳನ್ನು ಕೊರೆದರು. ಅದೇ ಮೌಂಟ್ ರಶ್ಮೋರ್. 1980ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ಸೂ ಜನರಿಗೆ ಪರಿಹಾರವು ಸಲ್ಲಬೇಕೆಂದು ತೀರ್ಪು ಕೊಟ್ಟಿತು. ಬಡ್ಡಿಯೂ ಸೇರಿ ಹತ್ತು ಕೋಟಿ ಡಾಲರಿಗೂ ಮೀರಿದ ಆ ಹಣವನ್ನು ಅವರು ಇಂದಿಗೂ ಮುಟ್ಟಿಲ್ಲ. ಗುಡ್ಡಗಳು ಮಾರಾಟಕ್ಕಿಲ್ಲವೆಂಬುದೇ ಅವರ ಉತ್ತರ. ಬಡತನದಲ್ಲಿ ಬೆಂದವರು ಕೈಗೆ ಬಂದ ನಿಧಿಯನ್ನು ಒಲ್ಲೆನೆನ್ನುವುದು ಸಾಮಾನ್ಯವೇ? ಕೆಲವು ಋಣಗಳು ಹಣದಿಂದ ತೀರವು. ಕೆಲವನ್ನು ಯಾತ್ರಿಕನು ತೀರಿಸಲಾರನು, ರಾಜ್ಯವೇ ತೀರಿಸಬೇಕು. ತೀರದ ಋಣವನ್ನು ತೀರಿತೆನ್ನದಿರುವುದೂ ಒಂದು ಸತ್ಯವ್ರತವೇ.

ಯಾತ್ರಿಕನ ಕೈಯಲ್ಲಿರುವುದು ಇನ್ನೊಂದುಂಟು, ಅದು ಸಂಯಮ. ವಯೋಮಿಂಗ್ ಸಂಸ್ಥಾನದಲ್ಲಿ, ಕಂಬಗಳನ್ನು ಒತ್ತಾಗಿ ನಿಲ್ಲಿಸಿದಂತೆ, ಬುಡದಿಂದ 867 ಅಡಿಗಳೆತ್ತರದ ಒಂದು ಶಿಲಾಸ್ತಂಭವಿದೆ. ನಕ್ಷೆಗಳಲ್ಲಿ ಅದರ ಹೆಸರು ಡೆವಿಲ್ಸ್ ಟವರ್, ಎಂದರೆ ಪಿಶಾಚಿಯ ಗೋಪುರ. ಲಕೋಟ ಜನರಿಗೆ ಅದು ಮಾತೋ ತಿಪಿಲಾ, ಕರಡಿಯ ಮನೆ. 1906ರಲ್ಲಿ ಆ ದೇಶದ ಮೊದಲನೆಯ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದುದು ಇದೇ. ಬಂಡೆಯನ್ನು ಹತ್ತುವ ಸಾಹಸಿಗಳಿಗೆ ಅದು ಬಹು ಪ್ರಿಯವಾದ ಸ್ಥಳ. ಅಲ್ಲಿ ಪ್ರಾರ್ಥಿಸುವ ಮೂಲನಿವಾಸಿಗಳಿಗೆ ಜೂನ್ ತಿಂಗಳು ವಿಶೇಷವಾಗಿ ಪವಿತ್ರವಾದ ಕಾಲ. ಆ ತಿಂಗಳಲ್ಲಿ ಸ್ವಇಚ್ಛೆಯಿಂದ ಹತ್ತದಿರಬೇಕೆಂದು 1995ರಿಂದ ಅಲ್ಲಿಯ ಅಧಿಕಾರಿಗಳು ಸಾಹಸಿಗಳನ್ನು ಬೇಡಿಕೊಳ್ಳುತ್ತಿದ್ದಾರೆ. ಇದು ಆಜ್ಞೆಯಲ್ಲ, ಹತ್ತಿದವನಿಗೆ ದಂಡವಿಲ್ಲ. ಎಲ್ಲರೂ ಈ ಮಾತಿಗೆ ಬೆಲೆ ಕೊಡುವುದಿಲ್ಲವಾದರೂ, ಬಹುಮಂದಿ ಕೊಡುತ್ತಾರೆ. ಹಗ್ಗವೂ ಶಕ್ತಿಯೂ ಬಿಡುವೂ ಇದ್ದು, ತಡೆಯುವ ಕಾವಲುಗಾರನಿಲ್ಲದೆ, ಬೇರೊಬ್ಬರ ಪ್ರಾರ್ಥನೆಗಾಗಿ ಬುಡದಲ್ಲಿಯೇ ನಿಂತವನು, ತುದಿಯನ್ನು ಮುಟ್ಟಿದವನಿಗಿಂತ ಆ ಸ್ಥಳವನ್ನು ಕಡಿಮೆ ಕಂಡನೆಂದು ಹೇಳಬಹುದೇ?

ಆದುದರಿಂದ ಈ ಸ್ಥಳಗಳು ನೋಡತಕ್ಕುವೇ ಎಂದು ಕೇಳುವವರಿಗೆ, ಅವಶ್ಯವಾಗಿ ನೋಡತಕ್ಕುವೆಂದೇ ಉತ್ತರ. ಹೋಗುವವನು ಹೊರಡುವ ಮೊದಲು ಒಂದು ಸಂಜೆ ಕೋಶವನ್ನು ತೆರೆಯಲಿ. ಅಲ್ಲಿ ಮೊದಲಿದ್ದವರು ಯಾರು, ಅವರು ಈಗೆಲ್ಲಿ ಎಂದು ತಿಳಿಯಲಿ. ಬೇಡವೆಂದ ಕಡೆ ಕಾಲನ್ನು ಹಿಂದೆಗೆಯಲಿ. ಸರೋವರದ ದಡದಲ್ಲಿ ಆಡುತ್ತಿರುವ ಮಗುವು ಇದರ ಹೆಸರೇನೆಂದು ಕೇಳಿದಾಗ, ನಕ್ಷೆಯಲ್ಲಿರುವ ಹೆಸರನ್ನೂ ಹೇಳಲಿ. ಪೈವೀಯಾಕ್ ಎಂಬ ಹೆಸರನ್ನೂ ಹೇಳಲಿ. ಎರಡು ಹೆಸರುಗಳನ್ನು ಕೇಳಿದ ಮಗುವು ಏಕೆಂದು ಕೇಳದೆ ಬಿಡದು.