ಎದುರಾಳಿಯಲ್ಲ, ಜೊತೆಗಾರ



ಕೃಷ್ಣೆಯ ದಡದ ಶಕ್ತಿನಗರ ವಿದ್ಯುತ್ತಿನಿಂದ ಬೆಳೆದ ಊರು. 1985ರಲ್ಲಿ ಇಲ್ಲಿಯ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾಯಿತು. ಕೆಲಸಕ್ಕಾಗಿ ನಾನಾ ಕಡೆಯ ಜನ ಬಂದು ನೆಲೆಸಿದರು. ಕನ್ನಡ, ತೆಲುಗು, ಉರ್ದು, ಹಿಂದಿ ಇಲ್ಲಿ ಅಕ್ಕಪಕ್ಕದಲ್ಲೇ ಕೇಳಿಬರುತ್ತವೆ. ಸೇತುವೆ ದಾಟಿದರೆ ತೆಲಂಗಾಣ. ಇಂಥ ಊರಿನಲ್ಲಿ ಮಕ್ಕಳು ಸಂಜೆ ಆಡಲು ಹೊರಟಾಗ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ನಮ್ಮ ಮಗನ, ಮಗಳ ತಂಡದಲ್ಲಿ ಯಾರ್ಯಾರಿದ್ದಾರೆ?

ಆಟವು ಎಲ್ಲರನ್ನೂ ಒಂದುಗೂಡಿಸುತ್ತದೆ ಎನ್ನುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಸಂಶೋಧಕ ಮ್ಯಾಟ್ ಲೋ ಅವರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ ಯುವಕರಿಗಾಗಿ ಕ್ರಿಕೆಟ್ ಪಂದ್ಯಗಳನ್ನು ಏರ್ಪಡಿಸಿ, 2021ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಆ ಫಲ ಕಾಣಲಿಲ್ಲ. ಹಾಗಾದರೆ ಕಾಲೊನಿಯವರೇ ಒಂದು ತಂಡ, ಊರಿನವರೇ ಇನ್ನೊಂದು ತಂಡವಾದರೆ ನಾವು ಕಟ್ಟುವುದು ಸ್ನೇಹವನ್ನೋ, ಗೋಡೆಯನ್ನೋ?

ಯಕೋಬನ ಬಾವಿಯ ಬಳಿ ಪ್ರಭು ಯೇಸು ಸಮಾರಿಯದ ಸ್ತ್ರೀಗೆ ಮೊದಲು ಉಪದೇಶ ಮಾಡಲಿಲ್ಲ. ಕುಡಿಯಲು ನೀರು ಕೇಳಿದರು. ಪರರೆಂದು ದೂರವಿಟ್ಟವಳ ಸಹಾಯ ತಮಗೆ ಬೇಕೆಂದು ತೋರಿಸಿದರು. ತಂಡದಲ್ಲಿಯೂ ಹಾಗೆಯೇ. ಚೆಂಡು ಕೊಡುವವನ ಜಾತಿ, ಭಾಷೆ ಯಾವುದಾದರೇನು? ಅವನಿಲ್ಲದೆ ಗೆಲುವಿಲ್ಲ.

ಆದರೆ ಮೈದಾನದ ಕೆಲಸ ಮೈದಾನದಲ್ಲಿಯೇ ನಿಂತುಬಿಡಬಹುದು. ಇರಾಕಿನಲ್ಲಿ 2014ರಲ್ಲಿ ಐಸಿಸ್ ಉಗ್ರರು ಕ್ರೈಸ್ತರನ್ನು ಮನೆಮಠಗಳಿಂದ ಓಡಿಸಿದರು. ಮುಂದೆ ಸಂಶೋಧಕಿ ಸಲ್ಮಾ ಮೂಸಾ ಅಲ್ಲಿಯ ಕೆಲವು ಕ್ರೈಸ್ತ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. ಪಂದ್ಯಾವಳಿ ಮುಗಿದು ಆರು ತಿಂಗಳಾದ ಮೇಲೂ ಆ ತಂಡಗಳ ಕ್ರೈಸ್ತ ಯುವಕರು ಮುಸ್ಲಿಮರೊಂದಿಗೆ ಅಭ್ಯಾಸ ಮಾಡುವುದು ಹೆಚ್ಚಾಗಿ ಕಂಡಿತು. ಅಷ್ಟು ನೋವುಂಡವರಲ್ಲಿಯೂ ಇದು ಸಾಧ್ಯವಾಯಿತು! ಆದರೂ ಮೈದಾನದ ಹೊರಗಿನ ಅಪರಿಚಿತ ಮುಸ್ಲಿಮರ ಬಗ್ಗೆ ಅವರ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲವೆಂದು 2020ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ.

ಉಳಿದ ದಾರಿಯನ್ನು ಕುಟುಂಬವೇ ನಡೆಯಬೇಕು. ಹಿರಿಯರೇ, ಚೀಟಿ ಎತ್ತಿ ತಂಡ ಮಾಡಿಸಿ. ಆಟ ಮುಗಿದ ಮೇಲೆ ಮಗುವಿನ ಗೆಳೆಯರನ್ನು ಮನೆಯೊಳಗೆ ಕರೆಯಿರಿ. ಹೆಸರು ಕೇಳಿ, ಊಟಕ್ಕೆ ಕೂರಿಸಿ. ಅವರ ಮನೆಯ ಹಬ್ಬಕ್ಕೆ ಕರೆದರೆ ನೀವೂ ಹೋಗಿ. ಮನೆಯ ಹೊಸ್ತಿಲಲ್ಲಿ ನಾವು ತಡೆದು ನಿಲ್ಲಿಸಿದ ಗೆಳೆಯನೊಡನೆ ಪ್ರಭುವೂ ಹೊರಗೇ ನಿಂತಿರುತ್ತಾರೆ ಎಂಬುದನ್ನು ಮರೆಯದಿರೋಣ.