ಮಾತು ಕೇಳಿದ ಬೆಳಕು

ಟಿವಿಯ ಬೆಳಕು ಮೊದಮೊದಲು ಒಂದೇ ದಿಕ್ಕಿಗೆ ಹರಿಯುತ್ತಿತ್ತು. 1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದ ಮೇಲೆ, ಹಲಸೂರಿನ ಹೆಂಚಿನ ಮಾಡುಗಳ ಮೇಲೆ, ಶಿವಾಜಿನಗರದ ಒತ್ತೊತ್ತು ತಾರಸಿಗಳ ಮೇಲೆ, ಇಂದಿರಾನಗರದ ತೆಂಗಿನ ಗರಿಗಳ ನಡುವೆ ಒಂದೊಂದೇ ಆಂಟೆನಾ ತಲೆಯೆತ್ತಿತು. ಅದರ ಮೇಲೊಂದು ಕಾಗೆ ಕೂತು ಎದ್ದರೆ ಸಾಕು, ಕೆಳಗೆ ಹಜಾರದಲ್ಲಿ ವಾರ್ತೆ ಓದುವವರ ಮುಖ ನಡುಗಿ ಮತ್ತೆ ನಿಲ್ಲುತ್ತಿತ್ತು. 1987–88ರಲ್ಲಿ ಭಾನುವಾರದ ಬೆಳಗು ರಾಮಾಯಣ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಟಿವಿಯ ನೆತ್ತಿಗೆ ಒಂದು ಮೊಳ ಮಲ್ಲಿಗೆ ಏರುತ್ತಿತ್ತು, ಊದುಬತ್ತಿಯ ಹೊಗೆ ಗಾಜಿನ ಉಬ್ಬನ್ನು ಸವರಿಕೊಂಡು ಮೇಲೆ ಹೋಗುತ್ತಿತ್ತು, ನೆರೆಹೊರೆಯವರೆಲ್ಲ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದು ನೆಲದ ಮೇಲೆ ಕೂರುತ್ತಿದ್ದರು. ಆ ಬೆಳಕು ಕೊಡುವುದು, ನಾವು ಕೈಕಟ್ಟಿ ಪಡೆಯುವುದು. ಅದಕ್ಕೆ ನಮ್ಮ ಇರವು ಗೊತ್ತಾಗಬಹುದೆಂದು, ನಾವು ಏನಾದರೂ ಹೇಳಿದರೆ ಅದು ಕೇಳಿಸಿಕೊಳ್ಳಬಹುದೆಂದು ಯಾರ ಕನಸಿಗೂ ಬಂದಿರಲಿಲ್ಲ.

ಹಾಗಿರುವಾಗ, ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆ ರಜೆಯಲ್ಲಿ, ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ನಮ್ಮ ಗಲ್ಲಿಗೆ ವಿಡಿಯೋ ಗೇಮ್ ಬಂತು. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಹೊರತಂದ, ಮಸಾಯುಕಿ ಉಎಮುರ ಎಂಬ ಎಂಜಿನಿಯರ್ ರೂಪಿಸಿದ ಫ್ಯಾಮಿಕಾಮ್ ಅದರ ಮೂಲ. ನಮ್ಮ ಬೀದಿಗಳಿಗೆ ಇಳಿದದ್ದು ಅದೇ ಬಗೆಯ ಒಡಲನ್ನು ಹೊತ್ತ ಬೇರೆ ಬೇರೆ ಹೆಸರಿನ ಪೆಟ್ಟಿಗೆಗಳು. ಸಮುರಾಯ್ ಎಂದು ಒಂದು, ಮೀಡಿಯಾ ಎಂದು ಇನ್ನೊಂದು, ಲಿಟ್ಲ್ ಮಾಸ್ಟರ್ ಎಂದು ಮತ್ತೊಂದು. ನಮ್ಮದು ಕೆನೆಬಿಳಿ ಮೈ, ಕುಂಕುಮದ ಕಡುಗೆಂಪಿನ ಅಂಚು. ಎರಡು ಪಕ್ಕದಲ್ಲಿ ವಯರಿನ ತುದಿಗೆ ನೇತುಬಿದ್ದ, ನಾವೆಲ್ಲ ಜಾಯ್‌ಸ್ಟಿಕ್ ಎಂದೇ ಕರೆಯುತ್ತಿದ್ದ ಎರಡು ಚಪ್ಪಟೆ ಹಿಡಿಗಳು. ಅಂಗೈಯ ಬೆವರಿಗೆ ಅವುಗಳ ಪ್ಲಾಸ್ಟಿಕ್ಕು ಒಂದು ವಿಶಿಷ್ಟವಾದ ಬೆಚ್ಚನೆಯ ವಾಸನೆ ಬಿಡುತ್ತಿತ್ತು. ಆಟದ ಹಳದಿ ಕ್ಯಾಸೆಟ್ಟಿನ ಬಾಯಿ ತೆರೆದು ನೋಡಿದರೆ ಒಳಗೆ ಅರವತ್ತು ತಾಮ್ರದ ಗೆರೆಗಳು ಎರಡು ಬದಿಗೆ ಹಂಚಿಕೊಂಡು ಹೊಳೆಯುತ್ತಿದ್ದವು. ಅದು ಓಡದಿದ್ದರೆ ತುಟಿಗಿಟ್ಟು ಊದುತ್ತಿದ್ದೆವು. ಹೊರತೆಗೆದು ಮತ್ತೆ ಕೂರಿಸಿದಾಗ ಗೆರೆಗಳು ಸರಿಯಾಗಿ ತಾಗಿ ಅದು ಎಚ್ಚರಗೊಳ್ಳುತ್ತಿತ್ತು ಎಂಬುದು ಈಗ ಗೊತ್ತು. ಆದರೂ ಉಸಿರು ಕೊಟ್ಟರೆ ಜೀವ ಬರುತ್ತದೆ ಎಂದು ಗಲ್ಲಿಯ ಮಕ್ಕಳೆಲ್ಲ, ಯಾರೂ ಹೇಳಿಕೊಡದೆ, ತಮಿಳಿನವರು, ದಖನಿಯವರು, ತೆಲುಗಿನವರು, ಕನ್ನಡದವರು ಒಟ್ಟಿಗೇ ನಂಬಿದ್ದನ್ನು ನೆನೆದರೆ, ಪ್ರಾಣಪ್ರತಿಷ್ಠೆಯ ಆಸೆ ಎಷ್ಟು ಹಳೆಯದು, ಎಷ್ಟು ಎಲ್ಲರದು ಎಂದು ಮನಸ್ಸು ಮೆತ್ತಗಾಗುತ್ತದೆ.

ನಮ್ಮ ಟಿವಿ ಕಪ್ಪು-ಬಿಳುಪಿನದು. ಆಂಟೆನಾದ ವಯರನ್ನು ಒಂದು ಪುಟ್ಟ ಡಬ್ಬಿಗೆ ಸಿಕ್ಕಿಸಬೇಕು. ಆ ಡಬ್ಬಿಯ ಸ್ವಿಚ್ಚನ್ನು ಒಂದು ಕಡೆಗೆ ತಳ್ಳಿದರೆ ಟಿವಿ, ಇನ್ನೊಂದು ಕಡೆಗೆ ತಳ್ಳಿದರೆ ಗೇಮ್. ಆಮೇಲೆ ಟಿವಿಯ ಮುಂಭಾಗದ ಸಣ್ಣ ಮುಚ್ಚಳ ತೆಗೆದು, ಒಳಗಿನ ಗಾಲಿಯನ್ನು ಬೆರಳ ತುದಿಯಿಂದ ತಿರುವುತ್ತ ಚಾನೆಲ್ ಹುಡುಕಬೇಕು. "ಸಿಕ್ತಾ?" "ಇಲ್ಲ ಕಣೋ, ಇನ್ನೊಂಚೂರು ತಿರುಗ್ಸು." "ಬಂತು, ಬಂತು, ಬಿಟ್ಬಿಡು, ಮುಟ್ಬೇಡ!" ಆ ಹುಡುಕಾಟದ ನಡುವೆ ಪರದೆಯ ತುಂಬ ಬಿಳಿ ಚುಕ್ಕಿಗಳು ಸುರಿಯುತ್ತಿದ್ದವು, ಕೋಣೆಯ ತುಂಬ ಸರ್ರೆನ್ನುವ ಸದ್ದು. ಕೈಯನ್ನು ಗಾಜಿನ ಹತ್ತಿರ ಒಯ್ದರೆ ಮುಂಗೈಯ ರೋಮಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು.

ಆ ಚುಕ್ಕಿಗಳು ಏನೆಂದು ತಿಳಿಯುವ ಹೊತ್ತಿಗೆ ನಾನು ಬೆಳೆದಿದ್ದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ತಮ್ಮ ಆಂಟೆನಾದಲ್ಲಿ ಕೇಳುತ್ತಿದ್ದ, ಎತ್ತ ತಿರುಗಿಸಿದರೂ ಹೋಗದ ಒಂದು ಸಣ್ಣ ಮೊರೆತವನ್ನು 1965ರಲ್ಲಿ ಲೋಕಕ್ಕೆ ತಿಳಿಸಿದರು. ಅದು ವಿಶ್ವದ ಎಳವೆಯಲ್ಲಿ ಬಿಡುಗಡೆಯಾಗಿ ಸುಮಾರು 1380 ಕೋಟಿ ವರ್ಷಗಳಿಂದ ನಡೆದು ಬರುತ್ತಿರುವ ಬೆಳಕು, ದಾರಿಯಲ್ಲಿ ಹಿಗ್ಗಿ ಹಿಗ್ಗಿ ತಣ್ಣಗಾದದ್ದು. ಖಾಲಿ ಚಾನೆಲ್ಲಿನ ಮೇಲೆ ನಿಂತ ಟಿವಿಯ ಆಂಟೆನಾಕ್ಕೆ ಬಂದು ತಾಗುವ ಗದ್ದಲದಲ್ಲಿ ಅದರದೂ ಒಂದು ಸಣ್ಣ ಪಾಲು ಇರುತ್ತದಂತೆ. ಬೆಂಗಳೂರಿನ ಉತ್ತರಕ್ಕೆ, ಗೌರಿಬಿದನೂರಿನ ಬಯಲಿನಲ್ಲಿ ಖಗೋಳ ವಿಜ್ಞಾನಿಗಳು ಸಾಲುಸಾಲಾಗಿ ನಿಲ್ಲಿಸಿರುವ ಆಂಟೆನಾಗಳು ಸೂರ್ಯನನ್ನೂ ದೂರದ ತಾರಾಗಣಗಳನ್ನೂ ಆಲಿಸುತ್ತವೆ. ಅವುಗಳ ಬಡ ಸೋದರ ನಮ್ಮ ಮಾಡಿನ ಮೇಲೂ ಒಂದು ನಿಂತಿತ್ತು, ಕಾಗೆಗೆ ಆಸರೆ ಕೊಟ್ಟುಕೊಂಡು, ಯಾರೂ ಕೇಳದಿದ್ದರೂ ಆದಿಕಾಲದ ಆ ತಣ್ಣನೆಯ ಬೆಳಕಿನ ತುಣುಕುಗಳನ್ನು ನಮ್ಮ ಹಜಾರಕ್ಕೆ ಇಳಿಸಿಕೊಂಡು. ಆಟ ಶುರುವಾಗುವ ಮುನ್ನಿನ ಆ ಸ್ವಲ್ಪ ಹೊತ್ತು ನಾವು ಬೇಸರದಿಂದ ಕಾದದ್ದಲ್ಲ, ಎಲ್ಲಕ್ಕಿಂತ ಮೊದಲಿನದರ ಎದುರು ಕಾಲು ಮಡಚಿ ಕೂತಿದ್ದೆವು ಎಂದುಕೊಂಡರೆ ಇವತ್ತಿಗೂ ಮೈ ನವಿರೇಳುತ್ತದೆ.

ಆಮೇಲೆ ಚುಕ್ಕಿಗಳೆಲ್ಲ ಒಮ್ಮೆಗೇ ಕರಗಿ, ಪರದೆ ತಿಳಿಯಾಗಿ, ಅಲ್ಲಿ ಒಬ್ಬ ಮೀಸೆಯ ಪುಟ್ಟ ಮನುಷ್ಯ ನಿಂತಿರುತ್ತಿದ್ದ. ಸುಮ್ಮನೆ ನಿಂತಿರುತ್ತಿದ್ದ. ನಾನು ಒತ್ತುವವರೆಗೆ ಅವನು ಕಾಯುತ್ತಿದ್ದ ಎಂಬುದೇ ಮೊದಲ ಸೋಜಿಗ. ಬಲಗೈ ಹೆಬ್ಬೆರಳು ಗುಂಡಿಯನ್ನು ಅಮುಕಿದರೆ ಅವನು ಹಾರಿದ. ಸಣ್ಣಗೆ ಅಮುಕಿದರೆ ಸಣ್ಣಗೆ, ಒತ್ತಿ ಹಿಡಿದರೆ ಎತ್ತರಕ್ಕೆ. ದೇವರಿಗೆ ದೀಪ ಹಚ್ಚಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ ಅಜ್ಜಿ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದಳು, ಒಮ್ಮೆ ನನ್ನ ಬೆರಳು, ಒಮ್ಮೆ ಪರದೆ. "ಅದು ನೀ ಹೇಳ್ದಂಗೆ ಕೇಳ್ತದೇನೋ?" ಎಂದಳು. ಹೂವೇರಿಸಿದ ಗಾಜಿನೊಳಗೆ ರಾಮಲಕ್ಷ್ಮಣರನ್ನು ಕಂಡು ಕೈಮುಗಿದವಳ ಪಾಲಿಗೆ, ಅದೇ ಗಾಜು ಒಂದು ಮಗುವಿನ ಬೆರಳಿಗೆ ಓಗೊಡುವುದು ಸಣ್ಣ ಮಾತಾಗಿರಲಿಲ್ಲ. ಅವಳು ಹತ್ತಿರ ಬಂದು ಕೂತಳು. ನಾನು ಗುಂಡಿಯ ಮೇಲೆ ಅವಳ ಹೆಬ್ಬೆರಳಿಟ್ಟೆ. ತರಕಾರಿ ಹೆಚ್ಚಿ ಹೆಚ್ಚಿ ಗೆರೆ ಬಿದ್ದ, ಅರಿಶಿನ ಕೂತ ಆ ಬೆರಳು ಹೂವನ್ನು ಮುಟ್ಟುವಷ್ಟೇ ಮೆಲ್ಲಗೆ ಒತ್ತಿತು, ಒಳಗಿನವನು ಒಂದು ಗೇಣು ಹಾರಿ ಇಳಿದ, ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ಹಲಸೂರಿನ ಪಲ್ಲಕ್ಕಿ ಉತ್ಸವದ ರಾತ್ರಿಗಳಲ್ಲಿ ಬೀದಿಗೆ ಅಡ್ಡಲಾಗಿ ಸೀರಿಯಲ್ ಸೆಟ್ಟಿನ ದೊಡ್ಡ ಚೌಕಟ್ಟುಗಳು ಏಳುತ್ತವೆ. ಅಲ್ಲಿ ಬಲ್ಬುಗಳು ಇದ್ದಲ್ಲೇ ಇರುತ್ತವೆ, ಸರದಿಯಲ್ಲಿ ಹತ್ತಿ ಆರುತ್ತವೆ, ನವಿಲು ಮಾತ್ರ ಗರಿ ಬಿಚ್ಚಿ ಕುಣಿಯುತ್ತದೆ. ನಮ್ಮ ಟಿವಿಯಲ್ಲಿ ನಡೆಯುತ್ತಿದ್ದದ್ದೂ ಅದೇ. ಹಿಂದಿನಿಂದ ಬರುವ ಎಲೆಕ್ಟ್ರಾನುಗಳ ಒಂದೇ ಒಂದು ಎಳೆ ಗಾಜಿನ ಒಳಮೈಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸವರುತ್ತ ಹೋಗುತ್ತದೆ, ತಾಗಿದ ಕಡೆ ಲೇಪ ಮಿನುಗಿ ಕೂಡಲೇ ಮಂಕಾಗುತ್ತದೆ. ಸೆಕೆಂಡಿಗೆ 50 ಸಲ ಆ ಎಳೆ ಮೇಲಿಂದ ಕೆಳಗೆ ಇಳಿದು ಬರುತ್ತದೆ. ಹಾಗೆ ನೋಡಿದರೆ ಇಡೀ ಚಿತ್ರ ಗಾಜಿನ ಮೇಲೆ ಒಟ್ಟಿಗೆ ಬೆಳಗಿದ್ದೇ ಇಲ್ಲ. ಬೆಟ್ಟ, ಇಟ್ಟಿಗೆ, ಕೊಳವೆ, ಅಣಬೆ, ಕೋಟೆ ಎಲ್ಲವನ್ನೂ ಒಂದಾಗಿ ಹಿಡಿದಿಟ್ಟದ್ದು ನೋಡುವ ಕಣ್ಣು. ಗಲ್ಲಿಯ ಹತ್ತಾರು ಮಕ್ಕಳು ಒತ್ತಿಕೊಂಡು ಕೂತು ನೋಡುತ್ತಿದ್ದ ಆ ಲೋಕ, ಅಷ್ಟೂ ಮಕ್ಕಳ ಒಳಗೆ ಏಕಕಾಲಕ್ಕೆ ಉಂಟಾಗುತ್ತಿತ್ತು.

ತಿಂಗಳುಗಟ್ಟಲೆ ಆ ಲೋಕ ನನಗೆ ಬೂದಿಯ ಬಣ್ಣದ್ದು. ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನಿಂದ ಕೂಗಳತೆಯ ಒಂದು ಮನೆಯಲ್ಲಿ ಗೆಳೆಯನ ಚಿಕ್ಕಪ್ಪ ಗಲ್ಫಿನಿಂದ ತಂದ ಕಲರ್ ಟಿವಿ ಇತ್ತು. ಒಂದು ಸಂಜೆ, ಸೇಂಟ್ ಮೇರಿ ಬೆಸಿಲಿಕಾದ ಸೆಪ್ಟೆಂಬರ್ ಹಬ್ಬದ ಜನಸಾಗರವನ್ನು ದಾಟಿಕೊಂಡು, ಮೇಣದಬತ್ತಿ, ಸಂಪಿಗೆ, ಕಬಾಬಿನ ಹೊಗೆ ಎಲ್ಲ ಒಂದಾದ ಗಾಳಿಯಲ್ಲಿ ಅವನ ಮನೆಯ ಮೆಟ್ಟಿಲು ಹತ್ತಿ ಹೋದಾಗ, ಪರದೆಯಲ್ಲಿ ನಾನು ಬಲ್ಲ ಅದೇ ಜಾಗ, ಅದೇ ಮೊದಲ ಸ್ಟೇಜು. ಮೇಲೆ ಆಕಾಶ ನೀಲಿಯಾಗಿತ್ತು. ಮಧ್ಯಾಹ್ನದ ತುಂಬು ನೀಲಿ, ಮೋಡದ ಚೂರುಗಳು ಅರಳಿದ ಹತ್ತಿಯಷ್ಟು ಬೆಳ್ಳಗೆ. ಇಷ್ಟು ದಿನವೂ ಆ ಆಕಾಶ ನೀಲಿಯಾಗಿಯೇ ಇತ್ತು, ನಮ್ಮ ಮನೆಯ ಬೂದಿಯೊಳಗೂ ನೀಲಿಯಾಗಿಯೇ ಇತ್ತು ಎಂಬುದು ಎದೆಯೊಳಕ್ಕೆ ಇಳಿಯುತ್ತಿದ್ದಂತೆ, ಕೈಗೆ ಕೊಟ್ಟ ಜಾಯ್‌ಸ್ಟಿಕ್ಕನ್ನು ಹಿಡಿದುಕೊಂಡು ಏನೂ ಒತ್ತದೆ ಸುಮ್ಮನೆ ಕೂತುಬಿಟ್ಟೆ.

ಬಣ್ಣ ಕೊಟ್ಟದ್ದು ಬಹಳ. ಬಣ್ಣ ಮುಚ್ಚಿದ್ದೂ ಒಂದಿತ್ತು. ನಿಂಟೆಂಡೊದ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು 1985ರಲ್ಲಿ ಆ ಮೀಸೆಯ ಮನುಷ್ಯನ ಸೂಪರ್ ಮಾರಿಯೋ ಬ್ರದರ್ಸ್ ಆಟವನ್ನು ಕಟ್ಟಿದ್ದು ಬರೀ 40 ಕಿಲೋಬೈಟಿನಲ್ಲಿ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದರ ಎಷ್ಟೋ ಪಟ್ಟು ಜಾಗ ನುಂಗುತ್ತದೆ. ಅಷ್ಟು ಕಿರಿದಾದ ಜಾಗದಲ್ಲಿ ಎಲ್ಲಕ್ಕೂ ಬೇರೆ ಬೇರೆ ರೂಪ ಬರೆಯಲಾಗದೆ, ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಒಂದೇ ಚಿತ್ರದಿಂದ ಮಾಡಿದರು. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಕಲರ್ ಟಿವಿಯಲ್ಲಿ ಅವೆರಡೂ ಬೇರೆಯೇ. ನಮ್ಮ ಮನೆಯ ಪರದೆಯಲ್ಲಿ ಮಾತ್ರ, ಬೂದಿಯ ಎರಡು ಹದಗಳಲ್ಲಿ, ಮೇಲೆ ತೇಲುವುದೂ ಕೆಳಗೆ ಬೇರೂರಿದ್ದೂ ಅದೇ ಮೂರು ಉಬ್ಬುಗಳ ಒಂದೇ ಆಕಾರ ಎಂಬುದು ಕಣ್ಣೆದುರೇ ಬಿಚ್ಚಿಕೊಂಡಿತ್ತು. ಮಳೆಗಾಲದ ಬೆಳಗಿನಲ್ಲಿ ಹಲಸೂರು ಕೆರೆಯ ದಂಡೆಯಲ್ಲಿ ನಿಂತರೆ, ನಡುಗಡ್ಡೆಯ ಮರಗಳ ತಲೆಗಳು ಮಂಜಿನೊಳಗೆ ಮೋಡವಾಗುತ್ತ, ನೀರಿನಲ್ಲಿ ಬಿದ್ದ ಮೋಡ ಮರದ ಬುಡಕ್ಕೆ ಬಂದು ಪೊದೆಯಾಗುತ್ತ, ಯಾವುದರ ಅಂಚು ಎಲ್ಲಿ ಎಂದು ತಿಳಿಯದ ಒಂದು ಗಳಿಗೆ ಬರುತ್ತದೆ. ಪೊದೆ ಉಸಿರಾಗಿ ಬಿಟ್ಟ ನೀರೇ ಮೋಡ, ಮೋಡ ಇಳಿಸಿದ ನೀರೇ ಪೊದೆ ಎಂದು ಆ ಗಳಿಗೆಯಲ್ಲಿ ಯಾರೂ ವಿವರಿಸಬೇಕಾಗುವುದಿಲ್ಲ.

ಅದೇ ಕೆರೆಯ ದಂಡೆಗೆ ನನ್ನನ್ನು ಮತ್ತೆ ಮತ್ತೆ ಎಳೆದದ್ದು ಡಕ್ ಹಂಟ್ ಎಂಬ 1984ರ ಇನ್ನೊಂದು ಆಟ. ಹುಲ್ಲಿನ ಮರೆಯಿಂದ ಬಾತುಕೋಳಿಗಳು ಹಾರುತ್ತವೆ, ನಾವು ಪ್ಲಾಸ್ಟಿಕ್ ಗನ್ ಹಿಡಿದು ಗುರಿಯಿಡಬೇಕು. ಕುದುರೆ ಎಳೆದಾಗ ಗನ್ನಿನಿಂದ ಏನೋ ಹೊರಟು ಹಕ್ಕಿಗೆ ತಾಗುತ್ತದೆ ಎಂದುಕೊಂಡಿದ್ದೆವು. ಆ ನಳಿಗೆಯಿಂದ ಏನೂ ಹೊರಡುವುದಿಲ್ಲ. ಕುದುರೆ ಎಳೆದ ಕ್ಷಣ ಇಡೀ ಪರದೆ ರೆಪ್ಪೆ ಬಡಿಯುವುದಕ್ಕೂ ಮೊದಲೇ ಕಪ್ಪಾಗಿ, ಹಕ್ಕಿಯಿದ್ದ ಜಾಗ ಮಾತ್ರ ಬಿಳಿಯ ಚೌಕವಾಗಿ ಬೆಳಗಿ ಮತ್ತೆ ಮೊದಲಿನಂತಾಗುತ್ತದೆ. ನಳಿಗೆಯ ಒಳಗೆ ಕುಳಿತ ಬೆಳಕಿನ ಸಂವೇದಿ ಆ ಬಿಳುಪನ್ನು ಕಂಡರೆ ಗುರಿ ಮುಟ್ಟಿತು, ಕಾಣದಿದ್ದರೆ ಇಲ್ಲ. ಕೋವಿಯ ಒಡಲಲ್ಲಿ ಇದ್ದದ್ದು ಒಂದು ಕಣ್ಣು. ಇದು ತಿಳಿದ ಮೇಲೆ ಕೆರೆಯ ನಡುಗಡ್ಡೆಯಲ್ಲಿ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುವ ನೀರುಕಾಗೆಗಳನ್ನು ನೋಡುವುದು ಬೇರೆಯೇ ಆಯಿತು: ತಲುಪುವುದೆಂದರೆ ಏನನ್ನೂ ಎಸೆಯುವುದಲ್ಲ, ಅಲ್ಲಿಂದ ಬರುವ ಬೆಳಕಿಗೆ ತೆರೆದುಕೊಂಡು ನಿಲ್ಲುವುದು, ಹಾಗೆ ನಿಂತವರ ಪಾಲಿಗೆ ಹಕ್ಕಿ ಹಾರಿಹೋದರೂ ಹೋಗಿರುವುದಿಲ್ಲ.

ಕರೆಂಟು ಹೋಗುತ್ತಿತ್ತು, ಆಗಿನ ಬೆಂಗಳೂರಿನಲ್ಲಿ, ಹೇಳದೆ ಕೇಳದೆ. ಕಷ್ಟಪಟ್ಟು ದಾಟಿದ ಸ್ಟೇಜುಗಳು, ಕೂಡಿಸಿಟ್ಟ ಲೈಫುಗಳು, ಎಲ್ಲವೂ ಒಂದು ಬಿಳಿ ಬಿಂದುವಾಗಿ ಪರದೆಯ ನಡುವಿಗೆ ಕುಗ್ಗಿ, ಆ ಬಿಂದುವೂ ಮೆಲ್ಲಗೆ ಆರುತ್ತಿತ್ತು. ನಾವೆಲ್ಲಿದ್ದೇವೆ, ಎಷ್ಟು ಉಳಿದಿದೆ ಎಂದು ಆ ಪೆಟ್ಟಿಗೆ ನೆನಪಿಡುತ್ತಿದ್ದದ್ದು ಎರಡು ಕಿಲೋಬೈಟಿನಷ್ಟು ಪುಟ್ಟ ಜಾಗದಲ್ಲಿ, ಅದೂ ವಿದ್ಯುತ್ತು ಹರಿಯುವಷ್ಟು ಹೊತ್ತು ಮಾತ್ರ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ಕಿವಿ ತೆರೆದುಕೊಳ್ಳುತ್ತಿತ್ತು: ಸೋಮೇಶ್ವರನ ಮಂಗಳಾರತಿಯ ಗಂಟೆ, ದೂರದ ಮಸೀದಿಯ ಆಜಾನ್, ದಂಡಿನ ಕಡೆಯ ರೈಲಿನ ಸಿಳ್ಳೆ, ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ. ಇವೆಲ್ಲ ಇಷ್ಟು ಹೊತ್ತೂ ಇದ್ದವು. ದೀಪ ಬಂದ ಮೇಲೆ ಮತ್ತೆ ಮೊದಲಿನಿಂದ, ಮೊದಲ ಸ್ಟೇಜಿನಿಂದ, ಅದೇ ನಿಂತ ಮನುಷ್ಯನಿಂದ. ಕಳೆದುಹೋದದ್ದಕ್ಕೆ ಮಕ್ಕಳು ಬಹಳ ಹೊತ್ತು ದುಃಖಿಸುವುದಿಲ್ಲ. ಲೋಕ ಮರಳಿ ಹುಟ್ಟಲು ಒಂದು ಗುಂಡಿಯಷ್ಟೇ ದೂರ ಎಂದು ಅವರಿಗೆ ಗೊತ್ತಿರುತ್ತದೆ.

ಈಗ ಹಲಸೂರು, ಇಂದಿರಾನಗರಗಳ ಮೇಲೆ ಮೆಟ್ರೊ ಓಡುತ್ತದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಹೊರಟ ಆ ಮೊದಲ ಸಾಲು ಇಂದು ಕೆ.ಆರ್. ಪುರವನ್ನೂ ದಾಟಿ ವೈಟ್‌ಫೀಲ್ಡಿಗೆ ಮುಟ್ಟಿದೆ. ಬೋಗಿಯ ತುಂಬ ಎಲ್ಲರ ಅಂಗೈಯಲ್ಲೂ ಬೆಳಕು, ಎಲ್ಲರ ಹೆಬ್ಬೆರಳಿಗೂ ಅದು ಓಗೊಡುತ್ತದೆ. ಅದನ್ನು ಕಂಡಾಗಲೆಲ್ಲ ಅಜ್ಜಿಯ ಪ್ರಶ್ನೆಗೆ ನಾನು ಇನ್ನೂ ಉತ್ತರಿಸುತ್ತಲೇ ಇದ್ದೇನೆ ಅನ್ನಿಸುತ್ತದೆ. ಮುಟ್ಟಿದರೆ ಎದುರಿನದು ಅಲುಗುತ್ತದೆ ಎಂಬ ನಂಬಿಕೆ ನನ್ನೊಳಗೆ ಕೂತದ್ದು ಆ ಬೇಸಿಗೆ ರಜೆಯಲ್ಲಿ. ಕುಂಡದ ಗಿಡಕ್ಕೆ ನೀರು ಹೊಯ್ಯುವಾಗ, ಮುನಿಸಿಕೊಂಡವರಿಗೆ ಮೊದಲ ಮಾತು ಆಡುವಾಗ, ಕಾಯಿಲೆಯವರ ಹಣೆಯ ಮೇಲೆ ಕೈಯಿಡುವಾಗ ಈಗಲೂ ನಾನು ಅದೇ ನಂಬಿಕೆಯ ಮೇಲೆ ನಡೆಯುತ್ತೇನೆ. ಉತ್ತರ ಕೂಡಲೇ ಬರಲೇಬೇಕೆಂಬ ಹಟ ನನಗಿಲ್ಲ. 1380 ಕೋಟಿ ವರ್ಷ ನಡೆದ ಬೆಳಕೂ ಒಂದು ದಿನ ಹಲಸೂರಿನ ಮಾಡೊಂದರ ಮೇಲೆ ಬಂದು ಇಳಿದದ್ದನ್ನು ಬಲ್ಲವನು ಇನ್ನಷ್ಟು ಹೊತ್ತು ಕಾಯಬಲ್ಲ.